ಸಹಿ ಮಾಡುವ ಅರ್ಹತೆ

ನೀಲವ್ವ ಹೂಗಾರಳಿಗೆ ಎರಡು ಕ್ರೆಡಿಟ್ ಕಡಿಮೆ ಇದ್ದವು. ಪದವಿಗೆ ನೂರಿಪ್ಪತ್ತು ಬೇಕು, ಅವಳ ಬಳಿ ಇದ್ದದ್ದು ನೂರಾ ಹದಿನೆಂಟು. ಕಡಿಮೆ ಬಿದ್ದದ್ದು ಅವಳು ದಿನಾ ಮಾಡುವ ರಸಾಯನಶಾಸ್ತ್ರದಲ್ಲಲ್ಲ, ರೇಷ್ಮೆ ಹುಳು ಸಾಕಣೆಯಲ್ಲಿ.

ತೋಟಗೇರಿ ಪಟ್ಟಣದ ನೀರು ಶುದ್ಧೀಕರಣ ಘಟಕದಲ್ಲಿ ಅವಳು ಹನ್ನೊಂದು ವರ್ಷದಿಂದ ಲ್ಯಾಬ್ ಸಹಾಯಕಿ. ಕೆರೆಯಿಂದ ಬಂದ ನೀರಿಗೆ ಕೊಳೆ ತಳಕ್ಕಿಳಿಯಲು ಎಷ್ಟು ಆಲಂ ಹಾಕಬೇಕು, ಎಷ್ಟು ಕ್ಲೋರಿನ್ ಬಿಡಬೇಕು ಎಂದು ದಿನಾ ಬೆಳಿಗ್ಗೆ ಪರೀಕ್ಷೆ ಮಾಡಿ ಹೇಳುತ್ತಿದ್ದವಳು ಅವಳೇ. ಎಪ್ಪತ್ತು ಸಾವಿರ ಜನ ಅವಳ ಮಾತಿನ ಮೇಲೆ ನೀರು ಕುಡಿಯುತ್ತಿದ್ದರು. ಆದರೆ 'ಈ ನೀರು ಕುಡಿಯಲು ಯೋಗ್ಯ' ಎಂಬ ದಿನದ ವರದಿಗೆ ಸಹಿ ಹಾಕುವ ಅರ್ಹತೆ ಅವಳಿಗೆ ಇರಲಿಲ್ಲ. ಅದಕ್ಕೆ ಆರನೇ ಹಂತ ಬೇಕು.

ದೇಶದ ಉನ್ನತ ಓದನ್ನೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ್ದರು. ಒಂದು ವರ್ಷ ಓದಿ ಬಿಟ್ಟರೆ ನಲವತ್ತು ಕ್ರೆಡಿಟ್, ಅದಕ್ಕೊಂದು ಸರ್ಟಿಫಿಕೇಟ್. ಎರಡು ವರ್ಷಕ್ಕೆ ಎಂಬತ್ತು, ಡಿಪ್ಲೊಮಾ. ಮೂರಕ್ಕೆ ನೂರಿಪ್ಪತ್ತು, ಪದವಿ. ಅದೇ ಆರನೇ ಹಂತ. ನಾಲ್ಕಕ್ಕೆ ನೂರರವತ್ತು, ಆನರ್ಸ್, ಏಳನೇ ಹಂತ. ಯಾವ ಮೆಟ್ಟಿಲಲ್ಲಿ ಬೇಕಾದರೂ ಇಳಿಯಬಹುದು, ಬೇಕಾದಾಗ ಮತ್ತೆ ಹತ್ತಬಹುದು. ಏಳು ವರ್ಷದೊಳಗೆ ಮುಗಿಸದಿದ್ದರೆ ಮಾತ್ರ ಗಳಿಸಿದ್ದೆಲ್ಲ ರದ್ದು. ಬಹಳ ಉದಾರವಾದ ವ್ಯವಸ್ಥೆ ಎಂದು ಎಲ್ಲರೂ ಹೇಳುತ್ತಿದ್ದರು. ಅದರ ನಿಯಮಾವಳಿ ಆರುನೂರ ಹನ್ನೆರಡು ಪುಟ ಇತ್ತು.

ಹದಿನಾಲ್ಕು ವರ್ಷದ ಹಿಂದೆ ಕಲಿಕಾ ಶಿರಸ್ತ್ರಾಣ ಬಂದಾಗ ಈ ಮೆಟ್ಟಿಲುಗಳೆಲ್ಲ ಕುಸಿದು ಬೀಳುತ್ತವೆ ಎಂದುಕೊಂಡವರು ಇದ್ದರು. ಕಾಗದದಲ್ಲಿ ಅದು ಶಿರಸ್ತ್ರಾಣ. ಹುಡುಗರು ಅದನ್ನು ಕುಕ್ಕರ್ ಎನ್ನುತ್ತಿದ್ದರು, ತಲೆಯ ಮೇಲೆ ಮುಚ್ಚಳದಂತೆ ಕೂತು ಕೆಲಸ ಮುಗಿದ ಮೇಲೆ ಉಸ್ಸೆನ್ನುತ್ತಿದ್ದುದರಿಂದ. ತಿಂಗಳುಗಟ್ಟಲೆ ಓದಿದರೆ ಮಿದುಳಿನ ನರಗಳ ನಡುವೆ ಯಾವ ಕೊಂಡಿಗಳು ಬೆಳೆಯುತ್ತವೋ ಅವನ್ನು ಅದು ಸಣ್ಣ ಸಣ್ಣ ವಿದ್ಯುತ್ ಮಿಡಿತಗಳಿಂದ ನೇರವಾಗಿ ಬೆಳೆಸುತ್ತಿತ್ತು. ಒಂದು ಪತ್ರಿಕೆಗೆ ನಲವತ್ತು ನಿಮಿಷ. ಆದರೆ ಹೀಗೆ ಬೆಳೆದ ಕೊಂಡಿ ಹಸಿ. ಕಲಿತದ್ದನ್ನು ಕೈಯಾರೆ ಮಾಡುತ್ತಿದ್ದರೆ ಗಟ್ಟಿಯಾಗುತ್ತದೆ. ಇಲ್ಲದಿದ್ದರೆ ಏಳು ತಿಂಗಳಿಗೆ ಅರ್ಧ, ಮತ್ತೇಳು ತಿಂಗಳಿಗೆ ಕಾಲು. ಮೊದಲು ಮಾಸುವುದು ಸಂಖ್ಯೆಗಳು: ಅಳತೆ, ಹೊತ್ತು, ಪ್ರಮಾಣ. ಹೆಸರುಗಳು ಕೊನೆಯವರೆಗೂ ಉಳಿಯುತ್ತವೆ. ಹಾಗಾಗಿ ಏನೂ ಗೊತ್ತಿಲ್ಲದವನೂ ಮೀಟಿಂಗಿನಲ್ಲಿ ಚೆನ್ನಾಗಿ ಮಾತಾಡಬಲ್ಲ.

ಕಾಲೇಜು ಮುಚ್ಚಲಿಲ್ಲ. ಒಂದು ಸಮಿತಿ ನಾಲ್ಕು ವರ್ಷ ಕೂತು ತೀರ್ಮಾನ ಕೊಟ್ಟಿತು. ಕಲಿಕೆ ನಲವತ್ತು ನಿಮಿಷದ್ದೇ ಇರಲಿ, ಪದವಿ ಮಾತ್ರ ಮೂರು ವರ್ಷದ್ದೇ. ಇಲ್ಲವಾದರೆ ಪದವಿಗೆ ಘನತೆ ಇರುವುದಿಲ್ಲ. ಆದ್ದರಿಂದ ಸೆಮಿಸ್ಟರ್ ಉಳಿದವು, ಹಾಜರಿ ಉಳಿಯಿತು, ಬೆಂಚು ಉಳಿದವು. ಪಾಠ ಮಾತ್ರ ಹೋಯಿತು. ಕೊನೆಗೆ ಒಂದು ದಿನ 'ಸಮಗ್ರ ತಪಾಸಣೆ'. ಅಂದು ಅಷ್ಟೂ ಪತ್ರಿಕೆ ತಲೆಯಲ್ಲಿ ನೂರಕ್ಕೆ ನಲವತ್ತಾದರೂ ಇರಬೇಕು. ಇದ್ದರೆ ಪದವಿ. ಆಮೇಲೆ ಸಾಯುವವರೆಗೆ ಯಾರೂ ಅಳೆಯುವುದಿಲ್ಲ.

ನೀಲವ್ವ ಇಪ್ಪತ್ತೇಳನೇ ವಯಸ್ಸಿನಲ್ಲಿ, ಸೇವಾನಿರತರ ವರ್ಗದಲ್ಲಿ ಹೆಸರು ಹಚ್ಚಿದ್ದಳು. ನಿಯಮದಂತೆ ತನ್ನ ಕ್ಷೇತ್ರದ ಹೊರಗಿನ ಒಂದು ವಿಷಯ ಆರಿಸಬೇಕಿತ್ತು. ಆಯ್ಕೆ ಶುರುವಾದದ್ದು ಬೆಳಿಗ್ಗೆ ಹತ್ತಕ್ಕೆ. ಅವಳು ಪಾಳಿ ಮುಗಿಸಿ ನೋಡಿದ್ದು ಸಂಜೆ ಆರಕ್ಕೆ. ಕನ್ನಡ ಸಾಹಿತ್ಯ, ಸಂಗೀತ, ಮನೋವಿಜ್ಞಾನ ಎಲ್ಲ ಹನ್ನೊಂದು ನಿಮಿಷದಲ್ಲಿ ಭರ್ತಿಯಾಗಿದ್ದವು. ಉಳಿದಿದ್ದವು ಎರಡು: ಪ್ರವಾಸೋದ್ಯಮ ನಿರ್ವಹಣೆ ಮತ್ತು ರೇಷ್ಮೆ. ಅವಳು ರೇಷ್ಮೆ ಒತ್ತಿದಳು. ಅವಳ ಓಣಿಯ ಗುರುಪಾದಪ್ಪ ಪ್ರವಾಸೋದ್ಯಮ ಒತ್ತಿದ್ದ. ಅವನು ವಿದ್ಯೆ ಮಾಸದಿರಲೆಂದು ಪ್ರತಿ ಭಾನುವಾರ ಹೆಂಡತಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿಕೊಂಡು ಬಸ್ ಸ್ಟ್ಯಾಂಡು, ಎಪಿಎಂಸಿ, ಹಳೆ ಅಂಚೆ ಕಚೇರಿ ತೋರಿಸುತ್ತಿದ್ದ. ಮೂರನೇ ವರ್ಷ ಹೆಂಡತಿ ತವರಿಗೆ ಹೋದಳು. ಆಮೇಲೆ ಒಬ್ಬನೇ ನಡೆಯುತ್ತ ಗಾಳಿಗೆ ವಿವರಿಸುತ್ತಿದ್ದ.

ನೀಲವ್ವ ಮನೆಯಲ್ಲಿ ಹುಳು ಸಾಕಿದಳು.

ಮನೆ ಎಂದರೆ ಎರಡು ಕೋಣೆ. ಗಂಡ ಪರಸಪ್ಪ ಟಂಟಂ ಆಟೊ ಓಡಿಸುವವನು. ಅತ್ತೆ ಗೌರವ್ವ ಮಾರ್ಕೆಟ್ಟಿನಿಂದ ಬಿಡಿ ಹೂ ತಂದು ಮಾಲೆ ಕಟ್ಟಿ ಗುಡಿಗಳಿಗೆ ಕೊಡುವವಳು. ಮನೆಯಲ್ಲಿ ತಂಪಿದ್ದದ್ದು ಒಂದೇ ಮೂಲೆ. ಹೂವಿನ ಬುಟ್ಟಿಗೂ ಅದೇ ಬೇಕು, ಹುಳದ ತಟ್ಟೆಗೂ ಅದೇ ಬೇಕು.

"ನೀಲಾ, ನಿನ್ನ ಹುಳಾ ನನ್ನ ಸೇವಂತಿಗೀ ಮ್ಯಾಲ ಹರದಾಡಾಕತ್ತಾವ," ಎಂದಳು ಗೌರವ್ವ.

"ಹರದಾಡೂದಿಲ್ಲ ಅತ್ತಿ. ಸೊಪ್ಪ ಇದ್ರ ಅವು ತಟ್ಟಿ ಬಿಟ್ಟು ಹೋಗೂದಿಲ್ಲ."

"ಹಂಗಂತ ಪುಸ್ತಕದಾಗ ಬರದಿರಬೇಕು. ಹುಳಕ್ಕ ಓದಾಕ ಬರತೈತೇನ?"

"ಇನ್ನೊಂದ ವಾರ ತಡಕೋರಿ. ನಾಲ್ಕನೇ ಜ್ವರ ದಾಟಿದ್ರ ಗೂಡು ಕಟ್ಟತಾವ."

"ಹುಳಕ್ಕ ಜ್ವರಾ ಬಂದ್ರ ಲೆಕ್ಕ ಇಡ್ತಿ. ಮೊನ್ನಿ ನನಗ ಬಂದಿತ್ತು, ಕೇಳಿದೇನ?"

ಹುಳು ಪೊರೆ ಬಿಡಲು ಮೇವು ನಿಲ್ಲಿಸಿ ತಲೆಯೆತ್ತಿ ಕೂರುವುದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕು ಸಲ ಕೂತು ಎದ್ದರೆ ಗೂಡಿಗೆ ಬರುತ್ತದೆ. ನೀಲವ್ವನ ಹುಳುಗಳು ಎರಡು ಸಲವೂ ನಾಲ್ಕನೇ ಜ್ವರದ ಹೊತ್ತಿಗೆ ಸತ್ತವು. ಹೂವಿಗೆ ಹೊಡೆದ ಔಷಧಿಯ ವಾಸನೆ ಸಾಕಾಗಿತ್ತು. ಹಾಗಾಗಿ ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡುವುದು, ಗೂಡು ಬಿಡಿಸುವುದು, ಗೂಡು ಆರಿಸುವುದು, ಇವನ್ನು ಅವಳ ಕೈ ಒಮ್ಮೆಯೂ ಮಾಡಲಿಲ್ಲ. ಕೈ ಮಾಡದ ಭಾಗ ತಲೆಯಲ್ಲಿ ಮಾಸಿತು.

ತಪಾಸಣೆಯ ದಿನ ವಿಶ್ವವಿದ್ಯಾಲಯದ ಯಂತ್ರದ ಕೋಣೆಯಲ್ಲಿ ಪರದೆಯ ಮೇಲೆ ಸಾಲಾಗಿ ಅಂಕಿಗಳು ಬಂದವು. ವಿಶ್ಲೇಷಣಾತ್ಮಕ ರಸಾಯನ ತೊಂಬತ್ತೆಂಟು. ಜಲ ರಸಾಯನ ತೊಂಬತ್ತಾರು. ಸೂಕ್ಷ್ಮಜೀವಿಶಾಸ್ತ್ರ ತೊಂಬತ್ತೊಂದು. ರೇಷ್ಮೆ ಮೂವತ್ತೇಳು.

"ಇಲ್ಲಿ ಕೂತು ಎಂಟು ವರ್ಷಾತ್ರಿ," ಎಂದ ಯಂತ್ರದ ಆಪರೇಟರ್. "ತೊಂಬತ್ತೆಂಟು ಇವತ್ತ ನೋಡಿದೆ."

"ಹಂಗಾರ ಪಾಸ್ ಮಾಡ್ರಿ."

"ನಾ ಮಾಡತಿದ್ದೆ. ಯಂತ್ರ ಮಾಡೂದಿಲ್ಲ. ಹಲಗತ್ತಿ ಸಾಹೇಬರ ಕಡೆ ಹೋಗ್ರಿ."

ಹಲಗತ್ತಿ ಪರೀಕ್ಷಾ ವಿಭಾಗದ ಅಧೀಕ್ಷಕ. ಆರುನೂರ ಹನ್ನೆರಡು ಪುಟಗಳನ್ನು ಕುಕ್ಕರಿನ ಸಹಾಯವಿಲ್ಲದೆ ಬಾಯಿಪಾಠ ಮಾಡಿದ ಮನುಷ್ಯ. ಕೆಟ್ಟವನೇನಲ್ಲ, ಅವಳಿಗೆ ಕುರ್ಚಿ ಕೊಟ್ಟ, ಚಹಾ ತರಿಸಿದ.

"ಮತ್ತೊಮ್ಮೆ ತಲೀಗೆ ಹಾಕಿಸ್ಕೋತೀನ್ರಿ," ಎಂದಳು ನೀಲವ್ವ. "ನಲವತ್ತ ನಿಮಿಷದ ಕೆಲಸ. ಇಲ್ಲೇ ಬಾಜೂ ಕೋಣ್ಯಾಗ ಐತಿ."

"ನಲವತ್ತು ನಿಮಿಷ ಯಂತ್ರದ್ದು. ಹಾಜರಿ ಮೂವತ್ತು ದಿವಸದ್ದು."

"ಹಾಜರಾಗಿ ಏನ ಮಾಡೂದ್ರಿ?"

"ಹಾಜರಾಗೂದು."

"ರೆಗ್ಯುಲರ್ ಹುಡುಗರು ತಪಾಸಣಿ ಹಿಂದಿನ ವಾರ ಎಲ್ಲಾ ಪತ್ರಿಕೆ ಮತ್ತ ಹಾಕಿಸ್ಕೊಂಡ ಬರತಾರಲ್ರಿ. ಅವರಿಗೆ ಯಾರೂ ಏನೂ ಅನ್ನೂದಿಲ್ಲ."

"ಅವರ ಹಾಜರಿ ಮೊದಲ ಆಗಿರತದ. ಅವರಿಗೆ ಅದು ನವೀಕರಣ. ನೀವು ಸೇವಾನಿರತರು, ನಿಮಗದು ಪುನರಾವರ್ತನೆ." ಹಲಗತ್ತಿ ಕ್ಯಾಲೆಂಡರ್ ತಿರುಗಿಸಿದ. "ನಿಮ್ಮ ಏಳು ವರ್ಷ ಜೂನ್ ಮೂವತ್ತಕ್ಕ ಮುಗೀತದ. ಒಂದಕ್ಕ ಸುರು ಮಾಡಿದ್ರ ಮೂವತ್ತಕ್ಕ ಸರಿಯಾಗಿ ಕುಂಡ್ರತದ. ದಿನಕ್ಕ ಮೂರು ಸಲ ಹೆಬ್ಬೆಟ್ಟು. ಒಂದ ಸಲಾನೂ ತಪ್ಪಬಾರದು."

"ಭಾನುವಾರ?"

"ಭಾನುವಾರ ತರಗತಿ ಇಲ್ಲ. ಹಾಜರಿ ಅದ."

ಅವಳು ಚಹಾ ಕುಡಿಯಲಿಲ್ಲ. ಇಷ್ಟರ ಮೇಲೆ ಇಲಾಖೆಯಿಂದ ಇನ್ನೊಂದು ಆದೇಶ ಬಂದಿತ್ತು: ಜುಲೈ ಒಂದರಿಂದ ಆರನೇ ಹಂತ ಇಲ್ಲದವರು ಲ್ಯಾಬಿನ ಉಪಕರಣ ಮುಟ್ಟುವಂತಿಲ್ಲ. ಈ ಎರಡು ಕ್ರೆಡಿಟ್ ಬಾರದಿದ್ದರೆ ಅವಳು ಕಸ ಗುಡಿಸುವುದಕ್ಕೂ ಆ ಕೋಣೆಗೆ ಹೋಗುವಂತಿರಲಿಲ್ಲ. ಆಗ ಎಪ್ಪತ್ತು ಸಾವಿರ ಜನರ ನೀರಿಗೆ ಸಮ್ಮೇದ ಪಾಟೀಲ ಒಬ್ಬನೇ ಉಳಿಯುತ್ತಿದ್ದ.

ಸಮ್ಮೇದನಿಗೆ ಇಪ್ಪತ್ತಾರು ವರ್ಷ. ನೂರರವತ್ತು ಕ್ರೆಡಿಟ್, ಆನರ್ಸ್, ಮೊದಲ ದರ್ಜೆ. ಘಟಕದ ಅಧಿಕೃತ ಸಹಿದಾರ ಅವನೇ. ಅವನ ನಾಲ್ಕು ವರ್ಷದ ಓದು ತಲೆಗೆ ಹೋದದ್ದು ತಪಾಸಣೆಗೆ ಮುಂಚಿನ ಒಂಬತ್ತು ದಿನಗಳಲ್ಲಿ. ಅದಾಗಿ ಎರಡು ವರ್ಷ ಕಳೆದಿತ್ತು. ತನಗೆ ಏನೂ ಗೊತ್ತಿಲ್ಲ ಎಂಬುದನ್ನು ಅವನು ನೀಲವ್ವನ ಮುಂದೆ ಮುಚ್ಚಿಡುತ್ತಿರಲಿಲ್ಲ. ಹಾಗೆ ಒಪ್ಪಿಕೊಂಡ ಸಹಿದಾರ ಆ ಜಿಲ್ಲೆಯಲ್ಲಿ ಅವನೊಬ್ಬನೇ ಇರಬೇಕು. ಕಲಿಯಲು ಮನಸ್ಸಿರಲಿಲ್ಲವೆಂದಲ್ಲ, ಹೊತ್ತಿರಲಿಲ್ಲ. ಸಹಿದಾರ ದಿನಾ ಹದಿನಾಲ್ಕು ಪೋರ್ಟಲ್ ತುಂಬಬೇಕಿತ್ತು. ನೀರಿನ ಗುಣಮಟ್ಟದ ಪೋರ್ಟಲ್, ಗುಣಮಟ್ಟದ ಪೋರ್ಟಲ್ ತುಂಬಿದ್ದಕ್ಕೆ ಪೋರ್ಟಲ್, ಲ್ಯಾಬಿನ ಮುಂದೆ ಗಿಡ ನೆಟ್ಟ ಫೋಟೋಕ್ಕೊಂದು. ಕ್ಲೋರಿನ್ ತಾನೇ ಅಳೆದು ಪರದೆಗೆ ಕಳಿಸುವ ಸೆನ್ಸರ್ ಕೆಟ್ಟು ಎರಡು ವರ್ಷವಾಗಿತ್ತು. ಕಂಟ್ರೋಲ್ ರೂಮಿನ ಪರದೆ ಎರಡು ವರ್ಷದಿಂದ ಒಂದೇ ಅಂಕಿ ತೋರಿಸುತ್ತಿತ್ತು. ಅಂಕಿ ಚೆನ್ನಾಗಿದ್ದುದರಿಂದ ಯಾರೂ ದೂರು ಕೊಟ್ಟಿರಲಿಲ್ಲ.

"ಒಂದ ತಿಂಗಳಾ? ನೀಲಕ್ಕಾ, ನಾ ಸಾಯ್ತೀನಿ," ಎಂದ ಸಮ್ಮೇದ.

"ನೀ ಸಾಯೂದಿಲ್ಲ ತಮ್ಮಾ. ಎಲ್ಲಾ ಬರದ ಕೊಟ್ಟ ಹೋಗ್ತೀನಿ. ಓದಾಕರ ಬರತೈತಿಲ್ಲೋ?"

"ಅಕ್ಷರ ಸಾಲ್ಯಾಗ ಕಲ್ತದ್ದು. ಅದು ಹೋಗಿಲ್ಲ."

"ಪುಣ್ಯ."

ಅವಳು ನಾಲ್ಕು ಪುಟ ಬರೆದಳು. ನೀರು ಎಷ್ಟು ಕದಡಿದ್ದರೆ ಎಷ್ಟು ಆಲಂ. ಫಿಲ್ಟರ್ ಯಾವಾಗ ತೊಳೆಯಬೇಕು. ಕ್ಲೋರಿನ್ ಸಿಲಿಂಡರ್ ಬದಲಿಸುವಾಗ ಗಾಳಿ ಯಾವ ಕಡೆಯಿಂದ ಬೀಸಬೇಕು. ಕ್ಲೋರಿನ್ ಪರೀಕ್ಷೆಗೆ: ನಳಿಕೆಯಲ್ಲಿ ಗೆರೆಯವರೆಗೆ ನೀರು, ಐದು ಹನಿ ದ್ರಾವಣ, ಬಂದ ಹಳದಿಯನ್ನು ಬಣ್ಣದ ಪಟ್ಟಿಗೆ ಹೋಲಿಸು, ಲೀಟರಿಗೆ ಅರ್ಧ ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಕ್ಲೋರಿನ್ ಏರಿಸು. ಮೂರು ಸಲ ಗಟ್ಟಿಯಾಗಿ ಓದಿಸಿದಳು. ಸಮ್ಮೇದ ಅದನ್ನು ಲ್ಯಾಮಿನೇಟ್ ಮಾಡಿಸಿ ಗೋಡೆಗೆ ಹಚ್ಚಿದ. ಜೂನ್ ಒಂದಕ್ಕೆ, ಮೂರನೇ ಸಲ ತಂದ ಹುಳುಗಳನ್ನು ಅತ್ತೆಗೆ ಒಪ್ಪಿಸಿ, ಅವಳು ಬಸ್ ಹತ್ತಿದಳು.

ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಅವಳಿಗೆ ಒಂದು ಮಂಚ ಸಿಕ್ಕಿತು. ಮೊದಲ ದಿನ ಹತ್ತು ಗಂಟೆಗೆ ಕುಕ್ಕರ್ ಹಾಕಿದರು. ಹತ್ತು ನಲವತ್ತಕ್ಕೆ ಅದು ಉಸ್ಸೆಂದಿತು. ಕಲಿಯುವುದು ಅಲ್ಲಿಗೆ ಮುಗಿಯಿತು. ಉಳಿದ ಇಪ್ಪತ್ತೊಂಬತ್ತು ದಿನ ಹನ್ನೆರಡು ಜನ ಒಂದು ಕೋಣೆಯಲ್ಲಿ ಕೂರಬೇಕಿತ್ತು. ಹತ್ತಕ್ಕೆ ಹೆಬ್ಬೆಟ್ಟು, ಎರಡಕ್ಕೆ ಹೆಬ್ಬೆಟ್ಟು, ನಾಲ್ಕೂವರೆಗೆ ಹೆಬ್ಬೆಟ್ಟು. ಒಬ್ಬ ಕಂಡಕ್ಟರ್ ಇದ್ದ, ಅವನಿಗೆ ಕಡಿಮೆ ಬಿದ್ದದ್ದು ಯೋಗ. ಒಬ್ಬಳು ನರ್ಸ್, ಅವಳಿಗೆ ಜಾನಪದ. ನರ್ಸ್ ಸ್ವೆಟರ್ ಹೆಣೆದಳು, ಕಂಡಕ್ಟರ್ ಕೂತಲ್ಲೇ ಮಲಗಿದ. ಮಲಗಿದ್ದನ್ನು ಗೈರು ಎಂದು ಲೆಕ್ಕ ಹಿಡಿಯುವ ನಿಯಮ ಇರಲಿಲ್ಲ. ಅವನು ಹುಡುಕಿ ನೋಡಿಯೇ ಮಲಗಿದ್ದ.

ಕೋಣೆಯ ಹಾಜರಿ ನೋಡಿಕೊಳ್ಳುತ್ತಿದ್ದವರು ರೇಷ್ಮೆ ವಿಭಾಗದ ಪ್ರೊಫೆಸರ್ ರಫಿಯಾ ನದಾಫ್. ವಿಭಾಗದಲ್ಲಿ ಉಳಿದಿದ್ದವರೂ ಅವರೊಬ್ಬರೇ. ಮೂರನೇ ದಿನ ಅವರು ನೀಲವ್ವನ ಪಕ್ಕದ ಬೆಂಚಿಗೆ ಬಂದು ಕೂತರು.

"ನೀವು ಖರೇನ ಹುಳಾ ಸಾಕೀರಂತ?"

"ಸಾಕಿನ್ರಿ. ಸತ್ತು."

"ಸಾಯೂ ಮುಂದ ಹೆಂಗ ಕಾಣ್ತಿದ್ವು?"

ನೀಲವ್ವ ಹೇಳಿದಳು. ಮೈ ಕುಗ್ಗಿ, ಬಾಯಿಂದ ಹಸಿರು ರಸ ಬಂದು, ತಲೆ ಅತ್ತಿತ್ತ ಒಗೆಯುತ್ತಿದ್ದವು ಎಂದಳು. ಪ್ರೊಫೆಸರ್ ಪುಸ್ತಕ ತೆಗೆದು ಬರೆದುಕೊಂಡರು.

"ನೀವ ಯಾಕ ಬರಕೋತೀರಿ ಮೇಡಂ? ನಿಮಗ ಗೊತ್ತಿಲ್ಲದ್ದೇನೈತಿ?"

"ನನಗ ಡಾಕ್ಟರೇಟ್ ಹುಳದ ಮ್ಯಾಲ ಸಿಕ್ಕದ. ನಾ ಜೀವಂತ ಹುಳಾ ನೋಡಿದ್ದು ಎರಡ ಸಲ," ಎಂದರು ಅವರು. "ಹುಳದ ಮನಿ ಕೆಡವಿ ಹಾಜರಿ ಯಂತ್ರ ಇಡಾಕ ಕೋಣಿ ಕಟ್ಟಿದ್ರು. ನಾವು ಕೂತಿರೋದು ಅದ ಕೋಣಿ."

ಜೂನ್ ಹದಿನೈದರ ಸುಮಾರಿಗೆ ಮಳೆ ಹಿಡಿಯಿತು. ಸಮ್ಮೇದ ದಿನಾ ಬೆಳಿಗ್ಗೆ ಸಂದೇಶ ಕಳಿಸುತ್ತಿದ್ದ: ಕದಡು ಇಷ್ಟು, ಆಲಂ ಇಷ್ಟು, ಕ್ಲೋರಿನ್ ಅರ್ಧ. ಸರಿಯಾಗಿತ್ತು. ನೀಲವ್ವ ಮನಸ್ಸಿನಲ್ಲೇ ಅವನ ಬೆನ್ನು ತಟ್ಟಿದಳು.

ಇಪ್ಪತ್ತಾರರ ಸಂಜೆ ಪರಸಪ್ಪ ಫೋನ್ ಮಾಡಿದ. "ಅವ್ವಗ ಹೊಟ್ಟಿ ಕೆಟ್ಟೈತಿ. ಮಾವಿನಹಣ್ಣು ತಿಂದಾಳ ನಾಕು."

"ಕೊಡ್ರಿ ಅವರ ಕೈಯಾಗ."

ಗೌರವ್ವನ ದನಿ ಸಣ್ಣದಾಗಿತ್ತು. "ನಾಕಲ್ಲ, ಮೂರ ತಿಂದೇನಿ. ನಿನ್ನ ಹುಳಾ ಈ ಸಲ ಸತ್ತಿಲ್ಲ ನೋಡು. ಹೂವಿನ ಬುಟ್ಟಿ ಹೊರಗ ಇಟ್ಟೇನಿ, ಮಳ್ಯಾಗ ಕೊಳೀತಾವ. ಯಾರಿಗ ಹೇಳೂನು."

"ಉಪ್ಪು ಸಕ್ರಿ ನೀರು ಕುಡೀರಿ ಅತ್ತಿ. ಕಾಸಿ ಕುಡೀರಿ."

"ನಿನ್ನ ಘಟಕದ ನೀರು ಯಾಕ ಕಾಸಬೇಕು? ನೀನ ಹೇಳ್ತಿದ್ದೆಲ್ಲ, ಹಂಗ ಕುಡೀಬಹುದಂತ."

ಮರುದಿನ ಮಧ್ಯಾಹ್ನ ಹನ್ನೆರಡೂವರೆಗೆ ಸಮ್ಮೇದನ ವಿಡಿಯೋ ಕರೆ ಬಂತು. ಅವನು ಲ್ಯಾಬಿನಲ್ಲಿ ನಿಂತಿದ್ದ.

"ಅಕ್ಕಾ, ಏಳನೇ ವಾರ್ಡಿನಾಗ ವಾಂತಿ ಭೇದಿ ಅಂತ. ಆಶಾ ಕಾರ್ಯಕರ್ತೆ ಬಂದಿದ್ಲು. ಸರಕಾರಿ ದವಾಖಾನ್ಯಾಗ ಹಾಸಿಗಿ ಇಲ್ಲಂತ. ಆದ್ರ ನಮ್ಮ ನೀರು ಛಲೋ ಐತಿ. ಕ್ಲೋರಿನ್ ಅರ್ಧ ಬರಾಕತ್ತೈತಿ. ಎಲ್ಲಿಯರ ಮದವಿ ಊಟದ್ದಿರಬೇಕಲ್ಲ?"

"ಎಷ್ಟ ಮಂದಿ?"

"ನೂರರ ಮ್ಯಾಲ."

"ಇಡೀ ವಾರ್ಡ ಒಂದ ಮದವಿಗೆ ಹೋಗೂದಿಲ್ಲ. ನನ್ನ ಮುಂದ ಒಂದ ಟೆಸ್ಟ್ ಮಾಡು."

ಸಮ್ಮೇದ ಫೋನನ್ನು ಬಾಟಲಿಗೆ ಒರಗಿಸಿದ. ನಳಿಕೆಗೆ ನೀರು ತುಂಬಿದ, ಐದು ಹನಿ ಹಾಕಿದ, ಅಲುಗಾಡಿಸಿ ಸ್ಟ್ಯಾಂಡಿಗೆ ಇಟ್ಟ. ಇಟ್ಟು ಕಂಪ್ಯೂಟರ್ ಕಡೆ ತಿರುಗಿ ಕೂತ.

"ಎಲ್ಲಿ ಹೋದಿ?"

"ಇಲ್ಲೇ ಅಕ್ಕಾ. ಬಣ್ಣ ಬರೂತನಾ ಒಂದ ಪೋರ್ಟಲ್ ತುಂಬತೀನಿ. ದಿನಾ ಹಿಂಗ ಮಾಡ್ತೀನಿ, ಟೈಮ್ ಉಳೀತೈತಿ."

ನೀಲವ್ವ ಫೋನನ್ನು ಕಣ್ಣಿನ ಹತ್ತಿರ ಹಿಡಿದಳು. ನಳಿಕೆಯ ನೀರು ಮೊದಲು ನೀರಿನ ಬಣ್ಣದಲ್ಲೇ ಇತ್ತು. ಒಂದು ನಿಮಿಷಕ್ಕೆ ತುಸು ಹಳದಿಯಾಯಿತು. ಐದು ನಿಮಿಷಕ್ಕೆ ಚೆನ್ನಾದ ನಿಂಬೆಹಣ್ಣಿನ ಹಳದಿ. ಸಮ್ಮೇದ ತಿರುಗಿ ಪಟ್ಟಿಗೆ ಹಿಡಿದ. "ನೋಡ್ರಿ, ಅರ್ಧ."

ಕ್ಲೋರಿನ್ ನೀರಿನಲ್ಲಿ ಎರಡು ರೀತಿ ಇರುತ್ತದೆ. ಸ್ವತಂತ್ರವಾಗಿದ್ದರೆ ದ್ರಾವಣ ಬಿದ್ದ ಕೂಡಲೇ, ಹತ್ತು ಎಣಿಸುವುದರೊಳಗೆ ಹಳದಿ ಬರುತ್ತದೆ. ರೋಗಾಣುವನ್ನು ಕೊಲ್ಲುವುದು ಅದು. ಮಳೆಗೆ ಊರ ಚರಂಡಿ, ಹೊಲದ ಗೊಬ್ಬರ ಕೆರೆಗೆ ಬಂದಾಗ ಅವುಗಳ ಅಮೋನಿಯಾ ಕ್ಲೋರಿನ್ನನ್ನು ಹಿಡಿದು ಕಟ್ಟಿಹಾಕುತ್ತದೆ. ಕಟ್ಟಿಹಾಕಿದ ಕ್ಲೋರಿನ್ ಕೂಡ ಹಳದಿ ಕೊಡುತ್ತದೆ, ನಿಧಾನಕ್ಕೆ, ನಾಲ್ಕೈದು ನಿಮಿಷದಲ್ಲಿ. ರೋಗಾಣುವಿಗೆ ಅದರಿಂದ ಹೆಚ್ಚೇನೂ ಆಗುವುದಿಲ್ಲ. ಆದ್ದರಿಂದ ಬಣ್ಣವನ್ನು ಕೂಡಲೇ ಓದಬೇಕು. ಇದು ಜಲ ರಸಾಯನದ ಮೊದಲ ಘಟಕದಲ್ಲಿತ್ತು. ಸಮ್ಮೇದನ ತಲೆಯಲ್ಲಿ ದ್ರಾವಣದ ಹೆಸರು ಉಳಿದಿತ್ತು, ಹೊತ್ತು ಹೋಗಿತ್ತು.

ನೀಲವ್ವನ ನಾಲ್ಕು ಪುಟದಲ್ಲೂ ಅದು ಇರಲಿಲ್ಲ. ಹನ್ನೊಂದು ವರ್ಷ ದಿನಾ ಹನಿ ಹಾಕಿದ ಕೂಡಲೇ ನಳಿಕೆಯನ್ನು ಕಣ್ಣಿಗೆ ಎತ್ತಿದವಳಿಗೆ, ಹಾಗೆ ಎತ್ತದ ಮನುಷ್ಯ ಇರಬಹುದು ಎಂದು ಹೊಳೆದಿರಲಿಲ್ಲ. ಬರೆಯುವಂಥ ವಿಷಯ ಅದು ಎಂದೇ ಅವಳಿಗೆ ಅನಿಸಿರಲಿಲ್ಲ.

"ಸಮ್ಮೇದಾ, ಈ ನೀರಾಗ ಏನೂ ಇಲ್ಲ. ಎಷ್ಟ ದಿನದಿಂದ ಹಿಂಗ ನೋಡಾಕತ್ತಿ?"

"ನೀವ ಹೋದಾಗಿಂದ."

ಮಳೆಗೆ ಮುಂಚೆ ನೀರಿನಲ್ಲಿ ಅಮೋನಿಯಾ ಇರಲಿಲ್ಲ. ಹೇಗೆ ಓದಿದರೂ ನಡೆಯುತ್ತಿತ್ತು. ಮಳೆ ಹಿಡಿದು ಹನ್ನೆರಡು ದಿನವಾಗಿತ್ತು.

"ವಾಲ್ವ್ ಬಂದ್ ಮಾಡಿಸು. ಈಗಿಂದೀಗ. ನೀರು ಯೋಗ್ಯ ಇಲ್ಲಂತ ವರದಿ ಬರದು ಸಹಿ ಹಾಕು."

ಅವನು ಕೂತಲ್ಲಿಂದ ಏಳಲಿಲ್ಲ. "ಅಕ್ಕಾ, ನಿನ್ನಿತನಾ ಯೋಗ್ಯ ಐತಿ ಅಂತ ನಾನ ಸಹಿ ಹಾಕೇನಿ. ಇವತ್ತ ಇಲ್ಲ ಅಂದ್ರ ನಿನ್ನಿದು ಕೇಳ್ತಾರ. ಇಂಜಿನಿಯರ್ ಸಾಹೇಬರು ಮೀಟಿಂಗಿನಾಗ ಅದಾರ, ಫೋನ್ ಎತ್ತಾಕತ್ತಿಲ್ಲ. ನಾ ತಪ್ಪು ನೋಡಾಕತ್ತಿದ್ರ? ನನಗೇನೂ ಗೊತ್ತಿಲ್ಲ, ನಿಮಗ ಗೊತ್ತೈತದು. ನೀವ ಬಂದು ನೋಡ್ರಿ. ನೀವ ನೋಡಿದ್ರ ನಾ ಸಹಿ ಹಾಕ್ತೀನಿ."

"ಎರಡ ತಾಸಿನ ದಾರಿ. ಎರಡ ಗಂಟೆಗೆ ನನ್ನ ಹೆಬ್ಬೆಟ್ಟ ಐತಿ."

"ಗೊತ್ತೈತಿ ಅಕ್ಕಾ," ಎಂದ. "ಆದ್ರ ಒಬ್ಬನ ಕೈಲಿ ಆಗೂದಿಲ್ಲ."

ಅವನಿಗೆ ಬೈಯುವಷ್ಟು ಹೊತ್ತೂ ಇರಲಿಲ್ಲ. ಅವಳು ಚೀಲ ತಗೊಂಡು ಹಲಗತ್ತಿಯ ಕೋಣೆಗೆ ಹೋದಳು.

"ತುರ್ತು ರಜಾ ಬೇಕ್ರಿ. ಊರಾಗ ನೀರು ಕೆಟ್ಟೈತಿ, ಮಂದಿ ದವಾಖಾನಿ ಸೇರಾಕತ್ತಾರ."

ಹಲಗತ್ತಿ ಪುಸ್ತಕ ತೆರೆಯಲಿಲ್ಲ, ಬೇಕಿರಲಿಲ್ಲ. "ಸೇವಾನಿರತರ ಪುನರಾವರ್ತನೆಗೆ ರಜಾ 'ಹತ್ತಿರದ ಸಂಬಂಧಿಕರ ಮರಣ'ಕ್ಕ ಮಾತ್ರ ಅದ. ಪುಟ ನಾನೂರಾ ಎಂಟು. ನಿಮ್ಮ ಮನ್ಯಾಗ ಯಾರರ ತೀರಿಕೊಂಡಾರೇನ್ರಿ?"

"ಇನ್ನೂ ಇಲ್ಲ."

"ಮತ್ತ ನಾ ಏನಂತ ಬರೀಲಿ?"

"ಏನಾರ ಬರಕೋರಿ," ಎಂದು ಅವಳು ಹೊರಗೆ ಬಂದಳು. ಗೇಟಿನ ಹತ್ತಿರ ಪ್ರೊಫೆಸರ್ ನದಾಫ್ ಓಡುತ್ತ ಬಂದರು.

"ನೀಲವ್ವಾ, ಮೂರ ದಿನ ಉಳದದ. ಫೋನಿನಾಗ ಹೇಳಿ ಮಾಡಿಸಾಕ ಆಗೂದಿಲ್ಲೇನು?"

"ಹೇಳಿದೆ ಮೇಡಂ. ಅವಗ ಕೇಳಿಸತೈತಿ, ತಿಳಿಯೂದಿಲ್ಲ. ಕ್ಲೋರಿನ್ ಏರಿಸಿದಂಗ ಹಳದಿ ಮೊದಲ ಹೆಚ್ಚಾಗತೈತಿ, ಆಮ್ಯಾಲ ಇಳೀತೈತಿ, ಮತ್ತ ಏರತೈತಿ. ಅದು ಎರಡನೇ ಸಲ ಏರೂತನಾ ಕ್ಲೋರಿನ್ ಹಾಕೂದ ನಿಲ್ಲಿಸಬಾರದು. ಅಂವ ಇಳಿಯೂದ ಕಂಡ ಅಂಜಿ ಬಂದ್ ಮಾಡ್ತಾನ."

"ನಿಮ್ಮ ಹೆಬ್ಬೆಟ್ಟು ನಾ ಒತ್ತಾಕ ಬರೂದಿಲ್ಲ," ಎಂದರು ಪ್ರೊಫೆಸರ್. ಬಸ್ಸಿನವರೆಗೂ ಜೊತೆಗೆ ನಡೆದರು.

ನೀಲವ್ವ ಘಟಕ ಮುಟ್ಟಿದಾಗ ಮೂರು ಗಂಟೆ. ಎಂಟು ಜಾಡಿ ಸಾಲಾಗಿ ಇಟ್ಟು ಒಂದೊಂದಕ್ಕೆ ಒಂದೊಂದು ಪ್ರಮಾಣದ ಕ್ಲೋರಿನ್ ಹಾಕಿ, ಅರ್ಧ ತಾಸು ಬಿಟ್ಟು, ಹನಿ ಹಾಕಿದ ಕೂಡಲೇ ಓದಿದಳು. ಏಳನೇ ಜಾಡಿಯಲ್ಲಿ ನಿಜವಾದ ಹಳದಿ ಬಂತು. ದಿನಾ ಬಿಡುತ್ತಿದ್ದುದರ ನಾಲ್ಕು ಪಟ್ಟು ಬೇಕಿತ್ತು. ಅವಳು ಅಂಕಿ ಹೇಳಿದಳು. ಸಮ್ಮೇದ 'ಯೋಗ್ಯವಲ್ಲ' ಎಂದು ಬರೆದು ಸಹಿ ಹಾಕಿದ. ಅದರ ಕೆಳಗೆ, ಯಾರೂ ಕೇಳದಿದ್ದರೂ, ಹಿಂದಿನ ಹನ್ನೆರಡು ದಿನದ ತನ್ನ ವರದಿಗಳೂ ತಪ್ಪು ಎಂದು ಬರೆದ. ನಾಲ್ಕೂಕಾಲಿಗೆ ವಾಲ್ವ್ ಮುಚ್ಚಿದರು. ಪರಸಪ್ಪ ಮತ್ತು ಸ್ಟ್ಯಾಂಡಿನ ಇನ್ನೂ ಆರು ಟಂಟಂನವರು ಮೈಕು ಕಟ್ಟಿಕೊಂಡು ಓಣಿ ಓಣಿ ಕೂಗಿದರು: ನಲ್ಲಿ ನೀರು ಕುಡೀಬ್ಯಾಡ್ರಿ, ಕಾಸಿ ಕುಡೀರಿ.

ಗೌರವ್ವ ಅಷ್ಟು ಹೊತ್ತಿಗೆ ದವಾಖಾನೆಯ ವರಾಂಡದಲ್ಲಿ ಚಾಪೆಯ ಮೇಲಿದ್ದಳು. ಇಪ್ಪತ್ತೊಂಬತ್ತರ ಬೆಳಿಗ್ಗೆ ತೀರಿಕೊಂಡಳು.

ಪ್ರೊಫೆಸರ್ ನದಾಫ್ ಹೇಳಿದ್ದಕ್ಕೆ ನೀಲವ್ವ ಮರಣ ಪ್ರಮಾಣಪತ್ರ ಹಚ್ಚಿ ರಜೆಗೆ ಅರ್ಜಿ ಕಳಿಸಿದಳು. ಉತ್ತರ ಎಂಟು ದಿನಕ್ಕೆ ಬಂತು. ಗೈರುಹಾಜರಿ ಜೂನ್ ಇಪ್ಪತ್ತೇಳರ ಮಧ್ಯಾಹ್ನದಿಂದ, ಮರಣ ಇಪ್ಪತ್ತೊಂಬತ್ತರಂದು. ಮರಣಕ್ಕೆ ಮುಂಚಿನ ಗೈರುಹಾಜರಿಗೆ ಈ ನಿಯಮ ಅನ್ವಯಿಸುವುದಿಲ್ಲ. ಜೊತೆಗೆ, ಅತ್ತೆ ಹತ್ತಿರದ ಸಂಬಂಧಿಕರ ಪಟ್ಟಿಯಲ್ಲಿ ಇಲ್ಲ.

ತನಿಖೆಗೆ ಮೂರು ಜನರ ಸಮಿತಿ ಬಂತು. ಮೂವರೂ ಎಂಟನೇ ಹಂತದವರು. ಸಮ್ಮೇದನ ಪದವಿ ಪರಿಶೀಲಿಸಿ, ಸಿಂಧುವಾಗಿದೆ ಎಂದು ಬರೆದರು. ಅವನು ತಾನಾಗಿ ತಪ್ಪು ಒಪ್ಪಿಕೊಂಡಿದ್ದರಿಂದ ಅಮಾನತು ಮಾಡಿದರು. ಘಟನೆಗೆ ಮುಖ್ಯ ಕಾರಣ: ಅರ್ಹತೆ ಇಲ್ಲದ ವ್ಯಕ್ತಿಯೊಬ್ಬರು ಬರೆದ ಸೂಚನೆಗಳನ್ನು ಲ್ಯಾಬಿನ ಗೋಡೆಗೆ ಹಚ್ಚಿದ್ದು. ಮುಂದೆ ಹೀಗಾಗದಂತೆ ಶಿಫಾರಸು: ಸಹಿದಾರರ ಅರ್ಹತೆಯನ್ನು ಆರನೇ ಹಂತದಿಂದ ಏಳಕ್ಕೆ ಏರಿಸುವುದು. ಸೆನ್ಸರ್ ಬಗ್ಗೆ ವರದಿಯಲ್ಲಿ ಒಂದು ಸಾಲೂ ಇರಲಿಲ್ಲ. ಸಮಿತಿ ಕಂಟ್ರೋಲ್ ರೂಮಿಗೆ ಹೋಗಿತ್ತು. ಪರದೆಯ ಮೇಲೆ ಅಂಕಿ ಚೆನ್ನಾಗಿತ್ತು.

ವರದಿಯ ಕೊನೆಯ ಪುಟದಲ್ಲಿ ಒಂದು ಅನುಬಂಧ ಇತ್ತು. ರದ್ದಾದ ಕ್ರೆಡಿಟ್: ನೂರಾ ಹದಿನೆಂಟು. ಲ್ಯಾಬಿನಲ್ಲಿ ಖಾಲಿ ಬಿದ್ದ ಹುದ್ದೆ: ಎರಡು. ಆಸ್ಪತ್ರೆ ಸೇರಿದವರು: ನಾನೂರಾ ಅರವತ್ತಮೂರು. ಸತ್ತವರು: ಏಳನೇ ವಾರ್ಡಿನಲ್ಲಿ ಆರು, ಎಂಟನೇ ವಾರ್ಡಿನಲ್ಲಿ ಮೂರು, ಹನ್ನೊಂದನೇ ವಾರ್ಡಿನಲ್ಲಿ ಎರಡು. ಒಟ್ಟು ಹನ್ನೊಂದು. ಅವರಲ್ಲಿ ಐದು ವರ್ಷದೊಳಗಿನವರು ಏಳು.